ಇನ್ನೂ ಹುಟ್ಟದವನ ಕರೆಂಟ್ ಅಕೌಂಟ್

ನಮ್ಮ ಮನೆಯಲ್ಲಿ ಈಗ ಎಲ್ಲರಿಗಿಂತ ಹೆಚ್ಚು ಕನ್ನಡ ಮಾತಾಡುವವನು ನೇಪಾಳದವನು. ಹೇಳಿಕೊಳ್ಳಲು ಸ್ವಲ್ಪ ಮುಜುಗರವೇ. ನಾವು ತಲೆಮಾರುಗಳಿಂದ ಸೇಲಂನಲ್ಲಿ ಸೀರೆ ನೇಯ್ದುಕೊಂಡು, ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು ಎಂದು ಬದುಕಿದವರು. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನ ನೆಂಟರು ವರ್ಷವರ್ಷ ತಂದುಕೊಡುತ್ತಿದ್ದ ಕ್ಯಾಲೆಂಡರಿನಿಂದ. ಹೀಗಾಗಿ ರಾಹುಕಾಲ, ಗುಳಿಕಕಾಲಗಳ ವಿಷಯದಲ್ಲಿ ನನ್ನ ಕನ್ನಡ ಬಹಳ ಗಟ್ಟಿ. ಇನ್ನು ನನ್ನ ಮಗಳು, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅದೂ ಫೋನಿನಿಂದ ತಲೆ ಎತ್ತಿದರೆ.

ನೇಪಾಳದವನ ಹೆಸರು ಹರ್ಕ ಬಹಾದೂರ್. ನಮ್ಮ ಅವ್ವನ ಬಾಯಲ್ಲಿ 'ಹ' ಎಂಬ ಅಕ್ಷರಕ್ಕೆ ಎಂದೂ ಜಾಗ ಸಿಕ್ಕಿಲ್ಲವಾದ್ದರಿಂದ ಅವನು ಬಂದ ದಿನವೇ ಅರ್ಕನಾದ. ಮಗ್ಗ ನಿಂತು ಖಾಲಿ ಬಿದ್ದಿದ್ದ ನಮ್ಮ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಮೋಮೋ ಅಂಗಡಿ ಇಟ್ಟ. ಮೈದಾ ಕಣಕದೊಳಗೆ ಎಲೆಕೋಸು ತುಂಬಿ ಆವಿಯಲ್ಲಿ ಬೇಯಿಸುವ ಆ ತಿಂಡಿಯನ್ನು ಅವ್ವ ಮೊದಲ ದಿನ 'ಖಾರದ ಕಡುಬು' ಎಂದು ಕರೆದು ತನ್ನ ಮಟ್ಟಿಗೆ ವಿಷಯ ಇತ್ಯರ್ಥ ಮಾಡಿಕೊಂಡಳು. ಆಮೇಲೆ ದಿನವೂ ಅಂಗಡಿಯ ಬಾಗಿಲಲ್ಲಿ ಕುಳಿತು ಅವನೊಡನೆ ಮಾತಾಡತೊಡಗಿದಳು. ಬೆಂಗಳೂರಿನಲ್ಲಿ ಕೆಲವು ತಿಂಗಳಿದ್ದು ಬಸ್ಸಿನಲ್ಲಿ ತೊಪ್ಪೂರು ಘಾಟಿ ಇಳಿದು ಬಂದವನಿಗೆ ದಾರಿಯಲ್ಲೆಲ್ಲೋ ಭಾಷೆ ಬದಲಾಯಿತೆಂದು ಯಾರೂ ಹೇಳಿರಲಿಲ್ಲ. ಅವ್ವನ ಮಾತೇ ಊರಿನ ಮಾತು ಎಂದುಕೊಂಡು ಶ್ರದ್ಧೆಯಿಂದ ಕಲಿತ. ಒಂದು ದಿನ ಮಾರ್ಕೆಟ್ಟಿನಿಂದ ಬಂದು, "ಆ ಕೋಸು ಮಾರೋ ಅಕ್ಕನಿಗೆ ನಮ್ ಮಾತೇ ತಿಳ್ಯಾದಿಲ್ಲ ಅಣ್ಣ. ಪಾಪ, ಎಲ್ಲಿಂದ ಬಂದವ್ಳೋ" ಎಂದು ಮರುಗಿದ. ಸಂಗತಿ ತಿಳಿಸಿದಾಗ ಅವನಿಗೆ ಆದ ಆಘಾತ ದೊಡ್ಡದು. ಅಷ್ಟು ಹೊತ್ತಿಗೆ ತಡವಾಗಿತ್ತು, ಅವನ ನಾಲಿಗೆ ಅವ್ವನ ಕೈ ಸೇರಿತ್ತು.

ಆಮೇಲೆ ಊರಾಚೆಯ ಒಂದು ಕಾಲೇಜಿನ ಕ್ಯಾಂಟೀನಿನಿಂದ ಅವನಿಗೆ ಆರ್ಡರ್ ಸಿಗುವ ಹಾಗಾಯಿತು. ಅದು ಕೈಗೂಡಿದರೆ ಹೆಂಡತಿ ಮಾಯಾಳನ್ನು ಕರೆಸಿಕೊಳ್ಳಬಹುದು. ಕಾಲೇಜಿನವರದು ಒಂದೇ ಷರತ್ತು: ಅಂಗಡಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ಇರಬೇಕು, ಅದೂ ತಿಂಗಳ ಕೊನೆಯೊಳಗೆ.

"ಬ್ಯಾಂಕಿಗೆ ನಾನು ಬರ್ತೀನಿ, ನೀನು ಸುಮ್ನೆ ಕೂತಿರು" ಎಂದೆ. ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷ ಸೇಲ್ಸ್‌ಮನ್ ಆಗಿರುವವನಿಗೆ ತನ್ನ ಬಾಯಿಯ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ನಂಬಿಕೆ ಇರುತ್ತದೆ.

ಹೊಸ ದೇಶಕ್ಕೆ ಬಂದವನನ್ನು ಬರಮಾಡಿಕೊಳ್ಳಲು ಬ್ಯಾಂಕು ಒಂದು ಒಳ್ಳೆಯ ಏರ್ಪಾಡು ಮಾಡಿದೆ. ಅಕೌಂಟ್ ಬೇಕಾದರೆ ಕಾರ್ಪೊರೇಷನ್ನಿನ ಲೈಸೆನ್ಸ್ ತರಬೇಕು. ಲೈಸೆನ್ಸ್ ಬೇಕಾದರೆ, ಬ್ಯಾಂಕ್ ಅಕೌಂಟ್ ಇದೆಯೇ ಎಂದು ಕಾರ್ಪೊರೇಷನ್ ಕೇಳುತ್ತದೆ. ಇಬ್ಬರ ನಡುವೆ ಓಡಾಡಿ ನಮ್ಮ ಆರೋಗ್ಯ ಸುಧಾರಿಸಿತು. ಕೊನೆಗೆ ಕಾರ್ಪೊರೇಷನ್ನಿನವರು ಬೇಸತ್ತು ಲೈಸೆನ್ಸ್ ಕೊಟ್ಟರು.

ಬ್ಯಾಂಕಿನಲ್ಲಿ ನಮ್ಮ ಪಾಲಿಗೆ ಸಿಕ್ಕಿದ್ದು ಒಬ್ಬ ಎಳೆ ವಯಸ್ಸಿನ ಆಫೀಸರಮ್ಮ. ಬಾಡಿಗೆ ಕರಾರು ನೋಡಿ ತಮಿಳಿನಲ್ಲಿ, "ಇದರಲ್ಲಿರುವ ಅರ್ಕ ಪಗತೂರ್ ಯಾರು?" ಎಂದರು. ಕರಾರನ್ನು ತಮಿಳಿನಲ್ಲಿ ಟೈಪ್ ಮಾಡಿಸುವಾಗ ಹೆಸರು ಹೇಳಿದವನು ನಾನು. ಅವ್ವ ಕರೆಯುವ ಹಾಗೇ ಹೇಳಿದ್ದೆ, ಉಳಿದದ್ದನ್ನು 'ಬ', 'ದ'ಗಳಿಗೆ ಬೇರೆ ಅಕ್ಷರವಿಲ್ಲದ ತಮಿಳು ಲಿಪಿ ನೋಡಿಕೊಂಡಿತ್ತು. ಬ್ಯಾಂಕಿನ ಪ್ರಕಾರ ಮೋಮೋ ಬೇಯಿಸುವವನು ಹರ್ಕ, ಬಾಡಿಗೆಗಿರುವವನು ಅರ್ಕ, ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ.

ಕರಾರು ಬದಲಿಸಿಕೊಂಡು ಮರುವಾರ ಹೋದೆವು. ಈ ಸಲ ಅವನ ನೇಪಾಳದ ಪೌರತ್ವ ಪತ್ರವನ್ನು ನೋಡಿ ಕಂಪ್ಯೂಟರಿಗೆ ಜನ್ಮವರ್ಷ ತುಂಬಿಸಿದರು. ಕಂಪ್ಯೂಟರು ಒಪ್ಪಲಿಲ್ಲ. ನೇಪಾಳದಲ್ಲಿ ವಿಕ್ರಮ ಶಕೆ, ಇಂಗ್ಲಿಷ್ ಲೆಕ್ಕಕ್ಕಿಂತ ಐವತ್ತೇಳು ವರ್ಷ ಮುಂದೆ. ಅವನು ಹುಟ್ಟಿದ್ದು ಎರಡು ಸಾವಿರದ ನಲವತ್ತೇಳರಲ್ಲಿ. ಆಫೀಸರಮ್ಮ ಪರದೆ ನೋಡಿದರು, ಅವನನ್ನು ನೋಡಿದರು, "ಇವರ್ ಇನ್ನುಂ ಪೊರಕ್ಕವೇ ಇಲ್ಲೈಯೇ ಸಾರ್" ಎಂದರು. ಇವರು ಇನ್ನೂ ಹುಟ್ಟೇ ಇಲ್ಲವಲ್ಲ ಎಂದು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಲವೆಂಬುದು ಯಾವ ರಾಜನಿಂದ ಎಣಿಸಲು ಶುರು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಎಪ್ಪತ್ತೆಂಟು ವರ್ಷ ಹಿಂದಿರುವ ನಮ್ಮ ಪಂಚಾಂಗದ ಶಾಲಿವಾಹನ ಶಕೆಯನ್ನು ನಾನು ಬರೆದುಕೊಟ್ಟಿದ್ದರೆ ಅದೇ ಕಂಪ್ಯೂಟರಿನಲ್ಲಿ ನನಗೆ ನೂರಾ ಮೂವತ್ತು ದಾಟಿರುತ್ತಿತ್ತು, ಹಿರಿಯ ನಾಗರಿಕನೆಂದು ಠೇವಣಿಗೆ ಹೆಚ್ಚು ಬಡ್ಡಿ ಸಿಗುತ್ತಿತ್ತು. ಇದನ್ನೆಲ್ಲ ಆಫೀಸರಮ್ಮನಿಗೆ ಸಾವಧಾನವಾಗಿ ವಿವರಿಸಿದೆ. ಅವರು ಅಷ್ಟೇ ಸಾವಧಾನವಾಗಿ ಕೇಳಿ, ಹಿಂದೆ ನಿಂತವರನ್ನು ಕರೆದರು.

ಹರ್ಕ ಕಾಗದಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿಕೊಂಡ. ಮನೆಗೆ ಬಂದು ಒಲೆ ಹಚ್ಚದೆ ಕುಳಿತ. "ಮಾಯಾಗೆ ಏನಂತ ಏಳ್ಲಿ ಅವ್ವ? ಬಟ್ಟೆ ಕಟ್ಕೊಂಡು ಕುಂತವ್ಳೆ" ಎಂದ. ತಿಂಗಳು ಮುಗಿಯುತ್ತ ಬಂದಿತ್ತು. ಅವ್ವ ಎದ್ದು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಮದುವೆಗೆ ಉಡುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಬ್ಯಾಂಕಿನಲ್ಲಿ ಅವ್ವ ಕುರ್ಚಿ ಎಳೆದುಕೊಂಡು ಕುಳಿತು ಸೀದಾ ಕನ್ನಡದಲ್ಲೇ ಶುರು ಮಾಡಿದಳು.

"ಯಾಕಮ್ಮ, ಇವ್ನು ಉಟ್ಟೇ ಇಲ್ಲ ಅಂದ್ಯಂತೆ. ದಿನಾ ಮಧ್ಯಾನ ನನ್ ಕೈಲಿ ಸಾರು ಇಸ್ಕೊಂಡು ಉಣ್ತಾನಲ್ಲ, ಅವ್ನು ಯಾರು ಮತ್ತೆ?"

ನಾನು ಗಾಬರಿಯಿಂದ ತಮಿಳಿಗೆ ತಿರುಗಿಸಲು ಬಾಯಿ ತೆರೆದೆ. ಆಫೀಸರಮ್ಮ ಕೈ ಎತ್ತಿ ನನ್ನನ್ನು ತಡೆದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

"ನಂಗೆ ತಿಳೀತೈತೆ ಅಜ್ಜಿ. ನಮ್ದು ಇಲ್ಲೇ ಕೊಳತ್ತೂರು ತಾವ, ಮನ್ಯಾಗೆ ಇದೇ ಮಾತು. ನಮ್ಮಪ್ಪ ಪಾಲಮಲೆ ಕೆಳ್ಗೆ ಕುರಿ ಮೇಯಿಸ್ತಾರೆ."

"ಮತ್ತೆ ಇಷ್ಟ್ ದಿವ್ಸ ಯಾಕೆ ಬಾಯಿ ಬಿಡ್ನಿಲ್ಲ?"

"ಆಫೀಸ್ನಾಗೆ ಎಂಗಜ್ಜಿ ಮಾತಾಡಾದು" ಎಂದು ಅವರು ನಾಚಿಕೊಂಡರು.

ಆಮೇಲೆ ನನ್ನನ್ನು ದಾಟಿ ಮೊದಲ ಸಲ ಹರ್ಕನ ಕಡೆಗೇ ತಿರುಗಿ, "ಇಂಗ್ಲಿಷ್ನಾಗೆ ಇರೋ ಕಾಗ್ದ ಬೇರೆ ಏನಾರ ಐತಾ ನಿನ್ ತಾವ?" ಎಂದು ಕೇಳಿದರು.

"ಪಾಸ್‌ಪೋರ್ಟ್ ಐತೆ ಮೇಡಂ" ಎಂದು ಅವನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಅವನ ಹೆಸರು ಪೂರ್ತಿ ಇತ್ತು, 'ಹ' ಸಮೇತ. ಜನ್ಮವರ್ಷ ಇಂಗ್ಲಿಷ್ ಲೆಕ್ಕದಲ್ಲೇ ಇತ್ತು. ಅವನು ಹುಟ್ಟಿಯೂ ಇದ್ದ.

ನಾನು ಅವನನ್ನು ನೋಡಿದೆ. "ಇದು ಮೊದ್ಲಿಂದ್ಲೂ ಚೀಲದಲ್ಲಿತ್ತಾ?"

"ಇತ್ತು ಅಣ್ಣ. ನೀವೇ ಸುಮ್ನೆ ಕೂತಿರು ಅಂದ್ರಲ್ಲ" ಎಂದ. ಅವನ ದನಿಯಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಲೋಕದಲ್ಲಿ ದುಭಾಷಿಗಳಿಂದ ಎಷ್ಟು ಯುದ್ಧಗಳಾಗಿವೆಯೋ ಗೊತ್ತಿಲ್ಲ, ಒಂದು ಮೋಮೋ ಅಂಗಡಿಯಂತೂ ಕೂದಲೆಳೆಯಲ್ಲಿ ಪಾರಾಯಿತು. ಆಫೀಸರಮ್ಮ ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದರು, ಅವರ ಭುಜ ಮಾತ್ರ ಅಲುಗುತ್ತಿತ್ತು. ಅವ್ವ ಬಹಿರಂಗವಾಗಿಯೇ ನಕ್ಕಳು.

ತಿಂಗಳು ಮುಗಿಯುವ ಮೊದಲೇ ಅಕೌಂಟ್ ಆಯಿತು. ಕ್ಯಾಂಟೀನಿನ ಆರ್ಡರ್ ಬಂತು. ಮಾಯಾ ಬಂದಳು, ಅವ್ವನಿಗೆ ಬಾಗಿಲ ಬಳಿ ಎರಡನೆಯ ಶಿಷ್ಯೆ ಸಿಕ್ಕಳು. ಆಫೀಸರಮ್ಮ ಆಗಾಗ ಸಂಜೆ ಸ್ಕೂಟರಿನಲ್ಲಿ ಬಂದು ಒಂದು ಪ್ಲೇಟು ತಿನ್ನುತ್ತಾರೆ. ಅಲ್ಲಿ ಅವರ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ.

ಮೊನ್ನೆ ಅವನ ಕಾರ್ಡು ಕೆಲಸ ಮಾಡಲಿಲ್ಲ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತೆ. ಅವನೇ ಬ್ಯಾಂಕಿನ ಗ್ರಾಹಕ ಸೇವೆಗೆ ಫೋನ್ ಮಾಡಿ, ಭಾಷೆ ಆರಿಸಿಕೊಳ್ಳಿ ಎಂದಾಗ ಎಲ್ಲವನ್ನೂ ಕೇಳಿ ಕನ್ನಡದ ಸಂಖ್ಯೆ ಒತ್ತಿದ. ಆ ಕಡೆ ಒಬ್ಬಳು ಹುಡುಗಿ, ಕರ್ನಾಟಕದವಳೇ ಇರಬೇಕು. ಕೆಲಸ ಮುಗಿದ ಮೇಲೆ, "ಸರ್, ನಿಮ್ಮ ಮಾತು ಕೇಳಿ ನಮ್ಮ ಅಜ್ಜಿ ನೆನಪಾದ್ರು. ಯಾವ ಊರು ನಿಮ್ದು?" ಎಂದಳು.

"ಸೇಲಂ."

"ಸೇಲಂನಲ್ಲಿ ಕನ್ನಡದವರು ಇದ್ದಾರಾ ಸರ್?"

ಹರ್ಕ ಬಾಗಿಲಲ್ಲಿ ಕುಳಿತ ಅವ್ವನನ್ನು ನೋಡಿದ, ನನ್ನನ್ನೂ ಒಮ್ಮೆ ನೋಡಿದ.

"ಇದೀವಿ ಮೇಡಂ, ನಾವು ಸ್ವಲ್ಪ ಜನ."

ಆ 'ನಾವು' ಎಂಬುದಕ್ಕೆ ಅವಳು ಯಾವ ಪುರಾವೆಯನ್ನೂ ಕೇಳಲಿಲ್ಲ.