ಸಾಂಟೋಸ್ ಬಂದರಿನ ಚೂರಿ

ನನ್ನ ಎಡಗೈಯಲ್ಲಿ ಮಣಿಗಂಟಿನಿಂದ ಮೊಣಕೈವರೆಗೆ ಒಂದು ಕಲೆಯಿದೆ. ಬ್ರೆಜಿಲಿನ ಸಾಂಟೋಸ್ ಬಂದರಿನಲ್ಲಿ ಕಳ್ಳನೊಬ್ಬ ಚೂರಿ ಬೀಸಿದಾಗ ಆದ ಗಾಯ ಎಂದು ಕಾವೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿದ್ದೇನೆ. ಮೊದಲ ಸಲ ಹೇಳಿದಾಗ ಕಳ್ಳ ನನ್ನಷ್ಟೇ ಎತ್ತರ ಇದ್ದ. ರಜೆಯಿಂದ ರಜೆಗೆ ಬೆಳೆದು, ಕೊನೆಗೆ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದವಾದ. ಎಲ್ಲ ಬುರುಡೆ. ಸಾಂಟೋಸಿನಲ್ಲಿ ನನಗೆ ಚೂರಿ ತೋರಿಸಿದವನು ಒಬ್ಬನೇ, ಮೀನು ಮಾರುವವನು. ಅದೂ ಮೀನು ಕೊಯ್ದು ಕೊಡಬೇಕೇ ಎಂದು ಕೇಳಲಿಕ್ಕೆ.

ನಮ್ಮದು ತುಳು ಮಾತಾಡುವ, ಅಳಿಯಸಂತಾನದ ಮನೆ. ಅಂದರೆ ತಾಯಿಯ ಅಣ್ಣನೇ ಯಜಮಾನ, ಅವರ ಮಾತೇ ಕೊನೆಯ ಮಾತು. ಅವರನ್ನು ನಾವು ತಮ್ಮಲೆ ಎಂದು ಕರೆಯುತ್ತಿದ್ದೆವು. ಎಪ್ಪತ್ತರ ದಶಕದ ಶುರುವಿನಲ್ಲಿ, ಗೇಣಿಯ ಗದ್ದೆಗಳು ಇನ್ನು ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಅಂದಾಜಾದಾಗ, ತಮ್ಮಲೆ ನನ್ನನ್ನು ಬೊಂಬಾಯಿಯಲ್ಲಿ ನಮ್ಮವರೊಬ್ಬರ ಹೋಟೆಲಿಗೆ ಕಳಿಸಿದರು. ಅಲ್ಲಿ ಎರಡು ವರ್ಷ ಈರುಳ್ಳಿ ಹೆಚ್ಚಿದೆ. ಆ ಮೇಲೆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಹಡಗಿನವನೊಬ್ಬನ ಕೈಕಾಲು ಹಿಡಿದು ಸರಕು ಹಡಗಿನ ಅಡುಗೆಮನೆ ಸೇರಿಕೊಂಡೆ. ಅಲ್ಲಿ ಪ್ರಪಂಚವಿಡೀ ತಿರುಗುತ್ತಾ ಈರುಳ್ಳಿ ಹೆಚ್ಚಿದೆ.

ಒಂದೂವರೆ ವರ್ಷಕ್ಕೊಮ್ಮೆ ರಜೆ. ಮನೆಗೆ ಬಂದರೆ ಅದಕ್ಕೊಂದು ಕ್ರಮವಿತ್ತು. ಮೊದಲ ದಿನ ಎಣ್ಣೆ ಸ್ನಾನ, ಎರಡನೆಯ ದಿನ ನಿದ್ದೆ, ಮೂರನೆಯ ದಿನ ಸಂಜೆ ಜಗಲಿ. ಅಮ್ಮ ಗೋಳಿಬಜೆ ಕಾಯಿಸುವಳು, ಅಕ್ಕಪಕ್ಕದವರು ಸೇರುವರು, ತಮ್ಮಲೆ ಆರಾಮಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, ‘ಹೂಂ, ಹೇಳು’ ಎನ್ನುವರು. ನಾನು ಯಾವ ದೇಶದ ಹೆಸರೆತ್ತಿದರೂ ಅವರ ಪ್ರಶ್ನೆ ಒಂದೇ: ‘ಅಲ್ಲಿ ಗಂಜಿ ಸಿಗ್ತದಾ?’ ಇಲ್ಲ ಎಂದರೆ, ‘ಎಂತ ದೇಶ ಮಾರಾಯ ಅದು’ ಎಂದು ಆ ದೇಶವನ್ನು ಅಲ್ಲಿಗೇ ಕೈಬಿಡುವರು. ಜರ್ಮನಿ, ಜಪಾನ್, ಇಂಗ್ಲೆಂಡ್ ಎಲ್ಲ ಹೀಗೆ ಒಂದೊಂದಾಗಿ ಕೈಬಿಟ್ಟು ಹೋದವು.

ಮೊದಲ ರಜೆಯಲ್ಲಿ ನಾನು ಸತ್ಯವನ್ನೇ ಹೇಳಿದ್ದೆ. ಅಡುಗೆಯವನು ಕಾಣುವುದೆಷ್ಟು? ಹಡಗಿನ ಅಡುಗೆಮನೆಯ ದುಂಡು ಕಿಟಕಿಯಲ್ಲಿ ಕಾಣುವಷ್ಟು. ಬಂದರಿಗೆ ಬಂದರೆ ಆರೇಳು ಗಂಟೆ ಹೊರಗೆ ಬಿಟ್ಟಾರು. ಅದರಲ್ಲಿ ಅರ್ಧ ತರಕಾರಿ ಹುಡುಕುವುದರಲ್ಲೇ ಮುಗಿಯಿತು. ರಾಟರ್‌ಡ್ಯಾಮಿನಲ್ಲಿ ಬಟಾಟೆ ಸಿಪ್ಪೆ ತೆಗೆದೆ, ಯೊಕೊಹಾಮಾದಲ್ಲಿ ಮಳೆ ಬರುತ್ತಿತ್ತು ಎಂದೆ. ಪಕ್ಕದ ಮನೆಯವರು ಆಕಳಿಸಿದರು. ಒಬ್ಬಾಕೆಯಂತೂ, ‘ದನ ಕಟ್ಲಿಕ್ಕುಂಟು’ ಎಂದು ಎದ್ದೇ ಹೋದರು. ಪ್ರಪಂಚ ಸುತ್ತಿ ಬಂದವನಿಗಿಂತ ಅವರಿಗೆ ದನ ದೊಡ್ಡದಾಯಿತಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ರಜೆಗೆ ಚೂರಿ ಹಿಡಿದ ಕಳ್ಳನನ್ನು ಕರೆದುಕೊಂಡೇ ಬಂದೆ. ಆ ಸಲ ಯಾರೂ ಏಳಲಿಲ್ಲ.

ರುಚಿ ಹತ್ತಿದ ಮೇಲೆ ಕೇಳಬೇಕೇ? ತೆಂಗಿನಮರದೆತ್ತರದ ತೆರೆ ಬಂತು, ಹಡಗಿನಲ್ಲಿ ಹೆಬ್ಬಾವು ಬಂತು. ಒಂದು ಸಲ ಕುವೈತಿನ ಕಥೆ ಬಂತು. ನಮ್ಮ ದೇಶದ ಒಬ್ಬ ನರ್ಸ್ ಅಲ್ಲಿ ಆಸ್ಪತ್ರೆಯಿಂದ ಹೊರಗೆ ಹೋದವಳು ತಿರುಗಿ ಬರಲೇ ಇಲ್ಲವಂತೆ ಎಂದು ಇಂಜಿನ್ ರೂಮಿನವನೊಬ್ಬ ಯಾವಾಗಲೋ ಹೇಳಿದ್ದ. ಅವನಿಗೆ ಹೇಳಿದವರು ಯಾರೋ, ಅದು ನಡೆದದ್ದೋ ಇಲ್ಲವೋ, ದೇವರೇ ಬಲ್ಲ. ನಾನು ಅದನ್ನು ಕಣ್ಣಾರೆ ಕಂಡವನಂತೆ ಹೇಳಿದೆ. ಅವಳ ಚಪ್ಪಲಿ ಮರಳಿನಲ್ಲಿ ಸಿಕ್ಕಿತು ಎಂದೂ ಸೇರಿಸಿದೆ. ತಮ್ಮಲೆ ಎಲೆ ಜಗಿಯುವುದನ್ನು ನಿಲ್ಲಿಸಿದರು. ನಾನು ಒಳಗೊಳಗೇ ಉಬ್ಬಿ ಹೋದೆ. ಚಹಾ ತಂದ ತಂಗಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳಾಗ ಕಂಕನಾಡಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು.

ಎಂಬತ್ತರ ದಶಕದ ಶುರುವಿನಲ್ಲಿ ಒಮ್ಮೆ ರಜೆಗೆ ಬಂದೆ. ಬಂದವನೇ ಎಂದಿನಂತೆ ಮೊದಲು ಕಂಕನಾಡಿಯಲ್ಲಿ ಇಳಿದೆ. ಅಲ್ಲಿ ನನ್ನ ಬ್ಯಾರಿ ಗೆಳೆಯನ ಫಾರಿನ್ ಸಾಮಾನಿನ ಅಂಗಡಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಚಹಾ ತರಿಸಿದ, ಆದರೆ ಮುಖ ಬಿಗಿದುಕೊಂಡೇ ಇದ್ದ.

‘ನಿನ್ನ ತಂಗಿಗೆ ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಆಗಿದೆ, ಗೊತ್ತುಂಟಾ?’

‘ಹೌದಾ? ಒಳ್ಳೇದೇ ಆಯ್ತಲ್ಲ!’

‘ಎಂತ ಒಳ್ಳೇದು? ನಿನ್ನ ಮಾವ ಬೇಡ ಅಂತ ಕೂತಿದ್ದಾರೆ. ನನ್ನ ಅಕ್ಕ, ಭಾವ ಅಲ್ಲೇ ಇದ್ದಾರೆ, ಮನೆಮಗಳ ಹಾಗೆ ನೋಡಿಕೊಳ್ತಾರೆ ಅಂತ ನಾನೇ ಹೋಗಿ ಹೇಳಿದೆ. ಕೇಳ್ಬೇಕಲ್ಲ! ಬರುವ ಶನಿವಾರದ ಒಳಗೆ ಒಪ್ಪಿಗೆ ಹೇಳದಿದ್ದರೆ ಆ ಕೆಲಸ ಬೇರೆಯವರಿಗೆ.’

‘ಅವರಿಗೆ ಎಂತ ಕಷ್ಟವಂತೆ?’

ಅವನು ನನ್ನನ್ನೇ ದುರುಗುಟ್ಟಿ ನೋಡಿದ. ‘ನೀನು. ನಿನ್ನ ಆ ಮರಳಿನ ಚಪ್ಪಲಿ. ಬುರುಡೆ ಬಿಡ್ಲಿಕ್ಕೂ ಒಂದು ಮಿತಿ ಬೇಡವಾ ಮಾರಾಯ?’

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕಾವೂರಿನವರೆಗೂ ನನ್ನನ್ನು ನಾನೇ ಬೈದುಕೊಳ್ಳುತ್ತಾ ಹೋದೆ. ಮನೆಯಲ್ಲಿ ತಂಗಿ ಅನ್ನ ಬಡಿಸಿದಳು, ಸಾರು ಬಡಿಸಿದಳು, ಮಾತಾಡಲಿಲ್ಲ. ನಾನು ಕೈ ತೊಳೆಯಲು ಎದ್ದಾಗ ಮಾತ್ರ ಕೇಳಿದಳು: ‘ಅಣ್ಣಾ, ಆ ನರ್ಸಿನ ಹೆಸರೆಂತ?’

ನಾನು ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದೆ.

‘ನನಗೆ ಅಂದೇ ಗೊತ್ತಾಗಿತ್ತು,’ ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ಸ್ವರ ಗಟ್ಟಿಯಾಗಿಯೇ ಇತ್ತು. ‘ತಮ್ಮಲೆಗೆ ಎದುರು ಹೇಳಿ ನಾನು ಹೋಗುವುದಿಲ್ಲ. ಅವರು ಸಾಕಿದ ಜೀವ ಇದು. ಹೋಗು ಅಂತ ಅವರ ಬಾಯಿಯಿಂದಲೇ ಬರ್ಬೇಕು. ಅದನ್ನು ಬರಿಸುವುದು ನಿನ್ನ ಕೆಲಸ.’

ಮರುದಿನ ಬೆಳಿಗ್ಗೆ ನಾನು ಹೇಡಿಯ ದಾರಿ ಹಿಡಿದೆ. ತಮ್ಮಲೆ ಬಾವಿಕಟ್ಟೆಯ ಹತ್ತಿರ ಒಬ್ಬರೇ ಇದ್ದಾಗ ಹೋಗಿ, ಆ ಕುವೈತಿನ ಕಥೆ ಅಷ್ಟು ಸರಿಯಿಲ್ಲ, ನನಗೆ ಯಾರೋ ಹೇಳಿದ್ದು ಎಂದು ಗೊಣಗಿದೆ. ಅವರು ತಿರುಗಿ ನೋಡಲೂ ಇಲ್ಲ.

‘ನೀನು ಅದನ್ನು ಹೇಳಿದ್ದು ಎಲ್ಲಿ?’

‘ಜಗಲಿಯಲ್ಲಿ.’

‘ಹತ್ತು ಜನರ ಎದುರು ಜಗಲಿಯಲ್ಲಿ ಹೇಳಿದ್ದನ್ನು ಬಾವಿಕಟ್ಟೆಯಲ್ಲಿ ಅಳಿಸ್ಲಿಕ್ಕೆ ಆಗ್ತದಾ? ತಂಗಿಗೆ ಬೇಕಾಗಿ ಈಗ ಸುಳ್ಳು ಹೇಳ್ತಿದ್ದೀಯೋ ಎಂತದೋ, ನನಗೆ ಹೇಗೆ ಗೊತ್ತಾಗ್ಬೇಕು?’

ಅವರ ಲೆಕ್ಕದಲ್ಲಿ ಅದು ನ್ಯಾಯವೇ. ನಮ್ಮ ಮನೆಯಲ್ಲಿ ಜಗಲಿಯ ಮಾತಿಗೆ ಬೇರೆಯೇ ತೂಕ. ಮದುವೆ ನಿಶ್ಚಯ, ಗದ್ದೆಯ ಪಾಲು, ಜಗಳದ ರಾಜಿ ಎಲ್ಲ ಅಲ್ಲೇ ಆಗಬೇಕು, ಮುರಿಯುವುದಿದ್ದರೂ ಅಲ್ಲೇ ಮುರಿಯಬೇಕು. ಆ ಜಾಗದಲ್ಲಿ ಕೂತು ನಾನು ಇಷ್ಟು ವರ್ಷ ಹೆಬ್ಬಾವು ಬಿಟ್ಟಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು, ಯಾಕೆಂದರೆ ಸತ್ಯ ಹೇಳಬೇಕಾದರೆ ಒಂದನ್ನೇ ಹೇಳಿ ಪಾರಾಗುವಂತಿರಲಿಲ್ಲ.

ಮೂರನೆಯ ದಿನ ಸಂಜೆ ಜಗಲಿ ತುಂಬಿತು. ಅಂದು ಶುಕ್ರವಾರ, ಮರುದಿನವೇ ಗಡುವು. ಕಂಕನಾಡಿಯ ಗೆಳೆಯನೂ ಅಂಗಡಿ ಮುಚ್ಚಿ ಬಂದು ಮೆಟ್ಟಿಲಲ್ಲಿ ಕೂತಿದ್ದ. ತಂಗಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ತಮ್ಮಲೆ ‘ಹೂಂ, ಹೇಳು’ ಎಂದರು.

ಶರ್ಟಿನ ತೋಳು ಮೇಲೆ ಸರಿಸಿ ಕಲೆ ತೋರಿಸಿದೆ. ‘ಇದು ಚೂರಿಯದ್ದಲ್ಲ,’ ಎಂದೆ. ‘ಇದು ಕಾದ ಎಣ್ಣೆ.’

ಮೊದಲ ರಜೆ ಮುಗಿಸಿ ಹೋದ ಮೇಲಿನ ಮಾತು. ಹಡಗು ಕುವೈತಿನ ಹೊರಗೆ ಲಂಗರು ಹಾಕಿ ನಿಂತಿತ್ತು. ನಾನು ಪೂರಿ ಕರಿಯುತ್ತಿದ್ದೆ. ಹಡಗು ವಾಲಿತು, ಬಾಣಲೆ ಜಾರಿತು, ಎಣ್ಣೆ ಕೈಮೇಲೆ ಬಿತ್ತು. ದೋಣಿಯಲ್ಲಿ ದಡಕ್ಕೆ ಒಯ್ದು ಆಸ್ಪತ್ರೆಗೆ ಸೇರಿಸಿದರು. ಹಡಗು ನನ್ನನ್ನು ಬಿಟ್ಟು ಹೋಯಿತು. ಹನ್ನೊಂದು ದಿನ ಅಲ್ಲಿ ಬಿದ್ದಿದ್ದೆ. ಭಾಷೆಯಿಲ್ಲ, ಗುರುತಿನವರಿಲ್ಲ. ಇಪ್ಪತ್ತಾರು ವರ್ಷದ, ಮೀಸೆ ಹೊತ್ತ ಗಂಡಸು ನಾನು, ಪಟ್ಟಿ ಬಿಚ್ಚುವಾಗೆಲ್ಲ ಅಮ್ಮಾ ಅಮ್ಮಾ ಎಂದು ಗೋಳೋ ಎಂದು ಅತ್ತೆ. ಪಕ್ಕದ ಮಂಚದಲ್ಲಿದ್ದ ಮುದುಕ ಅರಬ್ಬನೊಬ್ಬ ದಿನಾ ಎರಡು ಖರ್ಜೂರ ನನ್ನ ದಿಂಬಿನ ಹತ್ತಿರ ಇಡುತ್ತಿದ್ದ. ಒಬ್ಬರು ಮಲಯಾಳಿ ನರ್ಸ್ ಇದ್ದರು, ನಲವತ್ತು ದಾಟಿದವರು. ನಾನು ಮೂರು ದಿನ ಏನೂ ತಿನ್ನದೆ ಇದ್ದಾಗ, ತಾವು ಉಳಿದುಕೊಂಡಿದ್ದ ಕೋಣೆಯಿಂದ ಒಂದು ಪಾತ್ರೆ ತಂದು, ಅದರಲ್ಲಿದ್ದದ್ದನ್ನು ಚಮಚದಲ್ಲಿ ಬಾಯಿಗೆ ಹಾಕಿದರು. ಅವರು ದಿನಾ ಡ್ಯೂಟಿ ಮುಗಿಸಿ ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಒಬ್ಬರೇ ನಡೆದು ಹೋಗುತ್ತಿದ್ದರು, ಮರುದಿನ ನಡೆದೇ ಬರುತ್ತಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು.

‘ಕಾಣೆಯಾದ ನರ್ಸನ್ನು ನಾನು ಕಾಣಲೇ ಇಲ್ಲ, ತಮ್ಮಲೆ. ಕಂಡದ್ದು ಇವರೊಬ್ಬರನ್ನು. ಇವರ ಸುದ್ದಿ ಹೇಳಿದರೆ ನಾನು ಅತ್ತದ್ದೂ ಹೇಳ್ಬೇಕಾಗ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ.’

ಹೆಬ್ಬಾವನ್ನೂ ತೆರೆಯನ್ನೂ ಸಾಂಟೋಸಿನ ಕಳ್ಳನನ್ನೂ ಅಲ್ಲೇ ವಾಪಸು ತೆಗೆದುಕೊಂಡೆ. ಒಬ್ಬರಿಗೆ ನಗು ಬಂತು, ಒಬ್ಬರು ‘ಅಯ್ಯೋ ಪಾಪ’ ಎಂದರು. ಹಿಂದೆ ದನ ಕಟ್ಟಲು ಎದ್ದು ಹೋಗಿದ್ದವರು, ‘ಆ ಹಾವಂತೂ ನಿಜ ಅಂತ ಗ್ರಹಿಸಿದ್ದೆನಲ್ಲ!’ ಎಂದು ನೊಂದುಕೊಂಡರು. ತಮ್ಮಲೆ ಮಾತ್ರ ನಗಲಿಲ್ಲ. ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಡದೆ ಪಕ್ಕಕ್ಕಿಟ್ಟರು.

‘ಆ ಪಾತ್ರೆಯಲ್ಲಿ ಎಂತ ಇತ್ತು?’

‘ಗಂಜಿ, ತಮ್ಮಲೆ.’

‘ಗಂಜಿಯಾ?’

‘ಕುಚ್ಚಲಕ್ಕಿಯದ್ದೇ. ಮೇಲಿಂದ ಮಿಡಿ ಉಪ್ಪಿನಕಾಯಿ.’

ಅವರು ನನ್ನನ್ನು ನೋಡಿದ ನೋಟ ಇಂದಿಗೂ ಕಣ್ಣಮುಂದಿದೆ. ಅದರಲ್ಲಿ ಸಿಟ್ಟೂ ಇತ್ತು, ಇನ್ನೊಂದೂ ಇತ್ತು. ‘ಕತ್ತೆ! ಹತ್ತು ವರ್ಷದಿಂದ ನಾನು ಕೇಳುವುದು ಒಂದೇ ಪ್ರಶ್ನೆ. ಅದಕ್ಕೆ ಇಂಥ ಉತ್ತರ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಹಾವು ತೋರಿಸಿದಿಯಲ್ಲ!’ ಎಂದರು. ಆಮೇಲೆ ಒಳಬಾಗಿಲಿನತ್ತ ತಿರುಗಿದರು. ‘ಮಗಾ, ನೀನು ಹೋಗು. ಹೋಗಿ ಬಾ. ಅಕ್ಕಿ ಇಲ್ಲಿಂದಲೇ ಕಟ್ಟಿಕೊಂಡು ಹೋಗು, ಆಯ್ತಾ?’

ತಂಗಿ ಎಲ್ಲರೆದುರು ಬಂದು ಅವರ ಕಾಲು ಮುಟ್ಟಿದಳು. ಗೆಳೆಯ ಮೆಟ್ಟಿಲಲ್ಲಿ ಕೂತು ಕನ್ನಡಕ ಒರೆಸಿದ್ದೇ ಒರೆಸಿದ್ದು. ನನಗೆ ಎಷ್ಟು ಹಗುರವಾಗಿತ್ತೆಂದರೆ ಗೋಳಿಬಜೆ ಹನ್ನೆರಡು ತಿಂದೆ.

ಜನ ಹೋದ ಮೇಲೆ ಅಡುಗೆಮನೆಗೆ ಹೋದೆ. ಅಮ್ಮ ಬಾಣಲೆ ತೊಳೆಯುತ್ತಿದ್ದಳು. ‘ಕೋಪ ಬಂತಾ ಅಮ್ಮಾ?’ ಎಂದೆ. ಅವಳು ಕೈ ಒರೆಸಿಕೊಂಡು, ನನ್ನ ತೋಳನ್ನು ಬೆಳಕಿಗೆ ಹಿಡಿದು, ಆ ಕಲೆಯ ಮೇಲೆ ಬೆರಳಾಡಿಸಿದಳು. ನಂತರ ತನ್ನ ಬಲಗೈ ತೋರಿಸಿದಳು. ಅಲ್ಲಿ ಅಂಥದ್ದೇ ಮೂರು ಕಲೆಗಳಿದ್ದವು, ಸಣ್ಣವು.

‘ನಲವತ್ತು ವರ್ಷ ಒಲೆಯ ಎದುರು ಕೂತವಳಿಗೆ ಎಣ್ಣೆ ಬಿದ್ದ ಗಾಯ ಗೊತ್ತಾಗುವುದಿಲ್ಲವಾ?’ ಎಂದಳು. ‘ಆ ಸಲ ನೀನು ಬಂದ ಮೊದಲ ದಿನ ಸ್ನಾನಕ್ಕೆ ಎಣ್ಣೆ ಹಚ್ಚುವಾಗಲೇ ನೋಡಿದ್ದೆ. ಎಷ್ಟು ಉರಿದಿರಬೇಕು ಇವನಿಗೆ, ಯಾರು ನೋಡಿಕೊಂಡರೋ ಅಂತ ಸಂಕಟ ಆಗಿತ್ತು. ನೀನು ಚೂರಿ ಅಂದಿ. ಹೇಳುವಾಗ ಹೇಳ್ತಾನೆ ಅಂತ ಸುಮ್ಮನಿದ್ದೆ.’

ಹಿಂದಿನ ದಿನ, ಗುರುವಾರ, ಅವಳು ಯಾರಿಗೂ ಹೇಳದೆ, ಎಲ್ಲ ಜಾತಿಯವರೂ ಹರಕೆ ಹೇಳುವ ಬಿಕರ್ನಕಟ್ಟೆಯ ಇಗರ್ಜಿಗೆ ಹೋಗಿ ಬಾಲಯೇಸುವಿನ ಎದುರು ಮೇಣದಬತ್ತಿ ಹಚ್ಚಿ ಬಂದಿದ್ದಳಂತೆ. ತಂಗಿಗೆ ಹೋಗಲು ಒಪ್ಪಿಗೆ ಸಿಗಲಿ ಎಂದೇ ಎಂದು ಕೇಳಿದೆ. ‘ಅವಳಿಗಲ್ಲ, ನಿನಗೆ. ನಿನ್ನ ಬಾಯಿ ಬಿಡಿಸಲಿ ಅಂತ,’ ಎಂದು ಬಾಣಲೆ ಕವುಚಿ ಹಾಕಿದಳು.

ಎರಡು ವರ್ಷದ ನಂತರ ತಂಗಿ ಮೊದಲ ರಜೆಗೆ ಬಂದಾಗ ಅದೃಷ್ಟಕ್ಕೆ ನಾನೂ ಊರಲ್ಲಿದ್ದೆ. ಮೂರನೆಯ ದಿನ ಸಂಜೆ ಅದೇ ಜಗಲಿ, ಅದೇ ಗೋಳಿಬಜೆ, ಆದರೆ ಹೇಳುವವಳು ಅವಳು. ನಾನು ಕೆಳಗೆ ಮೆಟ್ಟಿಲಲ್ಲಿ ಗೆಳೆಯನ ಪಕ್ಕ ಕೂತೆ. ಅವಳ ಮಾತಿನಲ್ಲಿ ಹಾವೂ ಇರಲಿಲ್ಲ, ತೆರೆಯೂ ಇರಲಿಲ್ಲ. ಎಷ್ಟು ಗಂಟೆಗೆ ಏಳುವುದು, ಯಾವ ರೋಗಿ ಯಾರಿಗೆ ಕಾಗದ ಬರೆಸುವುದು, ಗೆಳೆಯನ ಅಕ್ಕ ಪ್ರತಿ ಶುಕ್ರವಾರ ಊಟಕ್ಕೆ ಕರೆಯುವುದು, ಇಷ್ಟೇ. ಒಬ್ಬರಾದರೂ ಆಕಳಿಸಬೇಕಲ್ಲ! ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

‘ಅಲ್ಲಿ ಕಷ್ಟದ ಕೆಲಸ ಯಾವುದು ಮಗಾ?’ ತಮ್ಮಲೆ ಕೇಳಿದರು. ಗಂಜಿಯ ವಿಷಯವನ್ನು ಅವಳು ಬಂದ ದಿನವೇ ವಿಚಾರಿಸಿ ಮುಗಿಸಿದ್ದರು.

‘ಹಡಗಿನಿಂದ, ಕಟ್ಟಡದ ಕೆಲಸದಿಂದ ಗಂಡಸರು ಬರ್ತಾರೆ. ಸುಟ್ಟುಕೊಂಡು, ಮುರಿದುಕೊಂಡು,’ ಎಂದಳು. ‘ಅವರು ಅಳುವುದಿಲ್ಲ, ಅದೇ ಕಷ್ಟ. ಹಲ್ಲು ಕಚ್ಚಿ, ಗೋಡೆ ನೋಡಿಕೊಂಡು, ಊಟ ಬಿಟ್ಟು ಮಲಗ್ತಾರೆ. ಅಂಥವರ ಹತ್ತಿರ ನಾನೊಂದು ಮಾತು ಹೇಳ್ತೇನೆ. ಆಮೇಲೆ ಅಳ್ತಾರೆ. ಅತ್ತ ಮೇಲೆ ಉಣ್ತಾರೆ.’

‘ಎಂತ ಮಾತು?’

ಅವಳು ಮೆಟ್ಟಿಲಿನತ್ತ ತಿರುಗಿ ನನ್ನನ್ನು ನೋಡಿದಳು.

‘ನನ್ನ ಅಣ್ಣನೂ ಇದೇ ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅತ್ತಿದ್ದ, ನೀವೂ ಅಳಬಹುದು ಅಂತ.’