ಕದಲದ ನಾಲ್ಕನೇ ಟೇಬಲ್

ಹೋದ ವರ್ಷದ ಯುಗಾದಿ. ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿರುವ ಮಗಳ ಮನೆಗೆ ನಾನು ಬಂದು ನಾಲ್ಕು ವರ್ಷವಾಗಿತ್ತು. ಹಬ್ಬದ ಊಟಕ್ಕೆ ಈ ದೇಶದ ಬೇರೆ ಬೇರೆ ಊರುಗಳ ಕನ್ನಡಿಗರೆಲ್ಲ ಸೇರಿ ಒಂದು ಹಾಲ್ ಹಿಡಿದಿದ್ದೆವು. ಹಾಲ್ ಚಿಕ್ಕದು, ಹಾಗಾಗಿ ಊರಿಗೊಂದು ಪಂಕ್ತಿ. ಮೊದಲು ಕಾರ್ಕಿನವರು, ಆಮೇಲೆ ಗಾಲ್ವೇಯವರು, ಕೊನೆಗೆ ಡಬ್ಲಿನ್ನಿನವರು.

ಪಟ್ಟಿಯ ಉಸ್ತುವಾರಿ ನನ್ನದು. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ ನೋಡಿಕೊಂಡವನೆಂಬ ಹೆಮ್ಮೆ ನನಗೆ. ಕಂಪ್ಯೂಟರಿನಲ್ಲಿ ಶೀಟ್ ಮಾಡಿಕೊಟ್ಟವಳು ಸಹನಾ, ಕಾರ್ಕಿನಲ್ಲಿ ಡೇಟಾ ಸೈನ್ಸ್ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಅದರಲ್ಲಿ ಮೂರು ಟೇಬಲ್: ಬರುವವರ ಹೆಸರು, ಮಕ್ಕಳ ಲೆಕ್ಕ, ಬಡಿಸುವವರು. ಪಕ್ಕದಲ್ಲಿ ಊರುಗಳ ಬಟನ್. ಒಂದು ಊರನ್ನು ಒತ್ತಿದರೆ ಮೂರರಲ್ಲೂ ಆ ಊರಿನವರಷ್ಟೇ ಉಳಿಯುತ್ತಿದ್ದರು.

"ಅಂಕಲ್, ಹೊಸ ಟೇಬಲ್ ಹಾಕಿದ್ರೆ ನಂಗೆ ಹೇಳಿ. ಅದನ್ನೂ ಬಟನ್‌ಗೆ ಜೋಡಿಸ್ಬೇಕು. ಇಲ್ಲಾಂದ್ರೆ ಅದು ಮಾತು ಕೇಳಲ್ಲ," ಎಂದಿದ್ದಳು.

"ನಾನು ನೋಡದೇ ಇರೋ ಪಟ್ಟೀನಾ, ಹೋಗಮ್ಮ," ಎಂದಿದ್ದೆ.

ಹಬ್ಬದ ಹಿಂದಿನ ದಿನ ನಾನೇ ನಾಲ್ಕನೆಯದೊಂದನ್ನು ಸೇರಿಸಿದೆ. ಅಲರ್ಜಿಯಿಂದ ಯಾವ ಪದಾರ್ಥ ಎಷ್ಟು ಜನರ ಮೈಗೆ ಒಗ್ಗದು ಎಂಬ ಟೇಬಲ್. ಪರೀಕ್ಷೆಗೆಂದು ಅದರಲ್ಲಿ ಕಾರ್ಕಿನವರನ್ನು ಮಾತ್ರ ಆರಿಸಿ ನೋಡಿ, ಹಾಗೇ ಬಿಟ್ಟೆ. ಸಹನಾಗೆ ಹೇಳಲಿಲ್ಲ.

ಎರಡನೇ ಪಂಕ್ತಿಗೆ ಗಾಲ್ವೇ ಒತ್ತಿದೆ. ಮೂರು ಟೇಬಲ್ ಬದಲಾದವು. ನಾಲ್ಕನೆಯದು ಕಾರ್ಕಿನಲ್ಲೇ ನಿಂತಿತ್ತು. ನಾನು ಗಮನಿಸಲಿಲ್ಲ.

"ಕಡ್ಲೆಕಾಯಿ ಹಾಕದ ಎಣ್ಣೆಗಾಯಿ ಯಾರಿಗೆ ಅಂಕಲ್?" ಎಂದು ಬಡಿಸುವವನು ಕೇಳಿದ.

"ಈ ಪಂಕ್ತೀಲಿ ಯಾರೂ ಇಲ್ಲ. ನೀನು ಬಡಿಸು."

ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ ಕೆಲಸ ಮಾಡುವ ದೀಪಾ ಆ ಪಂಕ್ತಿಯಲ್ಲಿದ್ದರು. ಕಡ್ಲೆಕಾಯಿ ತನಗೆ ಆಗದೆಂದು ಮೊದಲೇ ಬರೆದು ಕೊಟ್ಟಿದ್ದರಿಂದ ನಂಬಿ ತಿಂದರು. ಎರಡು ತುತ್ತಿಗೆ ತುಟಿ ಊದಿ ಉಸಿರು ಕಟ್ಟತೊಡಗಿತು. ಅವರ ಗಂಡ ಬ್ಯಾಗಿನಿಂದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದರು. ಆಂಬುಲೆನ್ಸ್ ಬಂತು. ಮರುದಿನ ಅವರು ಹುಷಾರಾಗಿ ಮನೆಗೆ ಹೋದರು.

ಆಂಬುಲೆನ್ಸ್ ಹೊರಟ ಮೇಲೆ ಯಾರೋ ಕೇಳಿದರು, "ಆ ಶೀಟ್ ಮಾಡಿದ್ದು ಯಾರು?" ಅಷ್ಟರಲ್ಲಿ ನನಗೆ ತಪ್ಪು ಕಂಡಿತ್ತು. ಆದರೂ ಹೇಳಿದೆ: "ಸಹನಾ. ನಾನು ಇದ್ದದ್ದನ್ನ ಓದ್ದೆ ಅಷ್ಟೆ."

ಬಡಿಸುತ್ತಿದ್ದ ಸಹನಾ ಸೌಟು ಹಿಡಿದೇ ನನ್ನನ್ನು ನೋಡಿದಳು. "ಸಾರಿ. ಇನ್ನೊಂದ್ಸಲ ಚೆಕ್ ಮಾಡ್ಬೇಕಿತ್ತು," ಎಂದಳು.

"ಊಟದ ಪಟ್ಟಿ ಮಾಡೋಕೆ ಬರಲ್ಲ, ಇವ್ರು ಡೇಟಾ ಓದ್ತಾರಂತೆ," ಎಂದು ಯಾರೋ ಚುಚ್ಚಿದರು. ದೀಪಾವಳಿಗೆ ಅವಳು ಬರಲಿಲ್ಲ.

ಈ ಯುಗಾದಿಗೆ ಒಂದು ತಿಂಗಳು ಮುಂಚೆ ರೈಲು ಹತ್ತಿ ಡಬ್ಲಿನ್ನಿಗೆ ಹೋದೆ. ಓದು ಮುಗಿಸಿ ಸಹನಾ ಅಲ್ಲಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ನೀರಿನ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ.

"ಗೊತ್ತು ಅಂಕಲ್," ಎಂದಳು. "ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಶೀಟ್‌ನಲ್ಲೇ ಇರುತ್ತೆ. ಅವತ್ತು ಸಂಜೆನೇ ನೋಡ್ದೆ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದೆ."

ಅವಳು ಡಬ್ಬಿ ತೆರೆದು ಅರ್ಧ ಚಪಾತಿ ನನ್ನ ಕೈಗಿಟ್ಟಳು. "ಗ್ರ್ಯಾಂಡ್, ಬಿಡಿ ಅಂಕಲ್. ತಿನ್ನಿ," ಎಂದಳು. ಪರವಾಗಿಲ್ಲ ಎನ್ನಲು ಇಲ್ಲಿನವರು ಆಡುವ ಮಾತು ಆ ಗ್ರ್ಯಾಂಡ್.

ಈ ಯುಗಾದಿಯ ದಿನ ಮೊದಲ ಪಂಕ್ತಿ ಕೂರುವ ಮುನ್ನವೇ ಎದ್ದು ನಿಂತು ಒಪ್ಪಿಕೊಂಡೆ. ದೀಪಾ ಹತ್ತಿರ ಬಂದು ಕೈ ಹಿಡಿದುಕೊಂಡರು. ಆದರೆ ಸಹನಾ ಬಂದಿರಲಿಲ್ಲ. ಇಡೀ ವರ್ಷ ಅವಳು ಕಾದಿದ್ದ ಮಾತನ್ನು ಅವಳಿಲ್ಲದ ಹಾಲ್‌ನಲ್ಲಿ ಹೇಳಿ ಕೂತೆ.