ಹಸಿ ತೊಗಲಿನ ಕಟ್ಟು

ಇದನ್ನು ಬರೆಯಲು ಕುಳಿತದ್ದು ಇದೇ ಮೊದಲಲ್ಲ. ಮಕ್ಕಳ ಮದುವೆ ಮುಗಿಯಲಿ ಎಂದೆ, ನೌಕರಿ ಮುಗಿಯಲಿ ಎಂದೆ, ಹೆಂಡತಿ ತೀರಿಕೊಂಡ ಮೇಲೆ ಇನ್ನು ಯಾರಿಗೆ ಹೇಳುವುದು ಎಂದುಕೊಂಡೆ. ಹೀಗೆ ಮುಂದೂಡುತ್ತ ಎಂಬತ್ತು ದಾಟಿತು. ಹೋದ ವಾರ ಮಳೆಯಲ್ಲಿ ನೆನೆದ ನನ್ನ ಚಪ್ಪಲಿಗಳನ್ನು ಸೊಸೆ ಕಿಟಕಿಯ ಬಿಸಿಲಿಗೆ ಇಟ್ಟಿದ್ದಳು. ಒದ್ದೆ ತೊಗಲಿನ ವಾಸನೆ ಕೋಣೆ ತುಂಬಿತು. ಮಧ್ಯಾಹ್ನದ ಊಟ ಬಿಟ್ಟು ಹಾಳೆ, ಪೆನ್ನು ತೆಗೆದುಕೊಂಡೆ...

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಸಿಂಧನೂರಿನ ಕಡೆಗೆ ಕಾಲುವೆ ಬರುತ್ತದೆಂದು ನೆಲ ಅಳೆಯುವ ಕೆಲಸ ನಡೆದಿತ್ತು. ಹೈಸ್ಕೂಲು ಮುಗಿಸಿದ್ದ ನನಗೆ ಆ ಕೆಲಸದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಬರೆಯುವುದಕ್ಕಿಂತ ಹೆಚ್ಚಾಗಿ ನಾನು ಮಾಡುತ್ತಿದ್ದದ್ದು ಕಚೇರಿಯ ದೊಡ್ಡ ಸಾಹೇಬರನ್ನು ಫಟಫಟಿಯ ಹಿಂದೆ ಕೂರಿಸಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರು ತಿರುಗುವುದು. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಫಟಫಟಿ ಎಂದೇ ಹೆಸರು. ಅದು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಗಾಡಿ. ಆ ಕಲ್ಲುದಾರಿಯಲ್ಲಿ ಹತ್ತು ಮೈಲಿ ಓಡಿದರೆ ಏನಾದರೊಂದು ಸಡಿಲಾಗುತ್ತಿತ್ತು. ಹೊಸದು ಬೇಕೆಂದರೆ ಹೈದರಾಬಾದಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕು.

ಆ ತಿಂಗಳುಗಳನ್ನು ದಾಟಿಸುತ್ತಿದ್ದವರು ಮಸ್ಕಿಯ ಮಿಸ್ತ್ರಿ. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ತಟ್ಟಿ ಕಟ್ಟಿಕೊಂಡು ಸೈಕಲ್ಲು, ಸ್ಟೌವು, ಗ್ಯಾಸ್ ದೀಪ ರಿಪೇರಿ ಮಾಡುತ್ತಿದ್ದರು. ಅವರ ತಂದೆ ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುತ್ತಿದ್ದವರಂತೆ. ಹಾಗಾಗಿ ಕಬ್ಬಿಣ ಕೈಕೊಟ್ಟಲ್ಲಿ ಇವರು ತೊಗಲು ಹುಡುಕುತ್ತಿದ್ದರು. ಬಿದ್ದುಹೋದ ಪಿನ್ನಿಗೆ ಜಾಲಿಮುಳ್ಳು, ವಾಷರಿಗೆ ಹಳೆಯ ಟೈರಿನ ಬಿಲ್ಲೆ, ಅಲುಗಾಡುವ ಎಲ್ಲದಕ್ಕೂ ಹಸಿ ತೊಗಲಿನ ಪಟ್ಟಿ. ನೀರಿನಲ್ಲಿ ನೆನೆಸಿದ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಸುತ್ತುತ್ತಿದ್ದರು. ಒಣಗುತ್ತ ಅದು ತಾನೇ ಬಿಗಿದುಕೊಂಡು, ಬೆರಳಿನಿಂದ ಬಡಿದರೆ ಕಟ್ಟಿಗೆಯಂತೆ ಸಪ್ಪಳ ಮಾಡುತ್ತಿತ್ತು.

"ಈ ಫಟಫಟಿ ನಿಮ್ಮ ಸಾಹೇಬ್ರಂಗ ನೋಡ್ರಿ," ಎಂದು ನಗುತ್ತಿದ್ದರು. "ಸಪ್ಪಳ ಬಾಳ, ಒಳಗ ಎಲ್ಲಾ ಸಡ್ಲ."

ವಯಸ್ಸಿನಲ್ಲಿ ಅವರು ನನ್ನ ತಂದೆಯ ಓರಗೆ. ಆದರೂ ಅವರು ನನಗೆ ರೀ ಎನ್ನುತ್ತಿದ್ದರು, ನಾನು ಅವರಿಗೆ ನೀ ಎನ್ನುತ್ತಿದ್ದೆ. ನಾನು ಅಂಗಡಿಕಾರರ ಮನೆಯವನು, ಅವರು ತೊಗಲು ಮುಟ್ಟುವವರು. ಅದು ಸರಿಯಲ್ಲ ಎಂದು ಆಗ ಒಂದು ದಿನವೂ ಅನ್ನಿಸಲಿಲ್ಲ.

ಮಳೆಗಾಲದ ಕೊನೆಯಲ್ಲಿ, ಹಿಂದೆ ಕೂತವರು ಕಾಲಿಡುವ ಕಬ್ಬಿಣದ ಬೋಲ್ಟು ಮುರಿಯಿತು. ಮಸ್ಕಿಯಲ್ಲಿ ಸಾಹೇಬರನ್ನು ಮುಸಾಫಿರಖಾನೆಯಲ್ಲಿ ಇಳಿಸಿ, ಗಾಡಿಯನ್ನು ಮಿಸ್ತ್ರಿಯ ಹತ್ತಿರ ಬಿಟ್ಟು ಬಂದೆ. ಮರುದಿನ ಮುಂಜಾನೆ ಹೋದಾಗ ಬೋಲ್ಟಿನ ಜಾಗಕ್ಕೆ ಅವರು ಸುತ್ತಿದ್ದ ತೊಗಲಿನ ಕಟ್ಟು ಒಣಗಿ ಗಟ್ಟಿಯಾಗಿತ್ತು. ನಾನು ಗಾಡಿ ಹತ್ತಿದರೂ ಅವರು ಹ್ಯಾಂಡಲ್ ಬಿಡಲಿಲ್ಲ.

"ನೋಡ್ರಿ, ನೀರಾಗ ನೆಂದ್ರ ಇದು ಮತ್ತ ಹಸಿ ಆಗತೈತಿ. ಹಳ್ಳ ದಾಟಿದ ಮ್ಯಾಲ ಕಟ್ಟು ಒಣಗೂತನಕಾ ಬಿಸಲಾಗ ನಿಂದ್ರಸ್ರಿ. ಸಾಹೇಬ್ರು ಬೈದ್ರ ಬೈಸ್ಕೋರಿ, ಹಂಗ ಕುಂದ್ರಿಸ್ಕೊಂಡು ಮಾತ್ರ ಹೋಗಬ್ಯಾಡ್ರಿ."

"ಆತು ಬಿಡೋ ಮಾರಾಯಾ, ಎಷ್ಟು ಸಲ ಹೇಳ್ತಿ," ಎಂದೆ.

ಲಿಂಗಸುಗೂರಿನ ದಾರಿಯ ಹಳ್ಳದಲ್ಲಿ ಮೊಳಕಾಲಷ್ಟು ನೀರಿತ್ತು. ನಡುಹಳ್ಳದಲ್ಲಿ ಇಂಜಿನ್ ನಿಂತಿತು. ಸಾಹೇಬರು ಇಳಿದು ಷರಾಯಿ ಎತ್ತಿ ಹಿಡಿದು ದಂಡೆ ಸೇರಿದರು. ನಾನು ದಬ್ಬುತ್ತ ಉಸಿರು ಬಿಡುತ್ತ ಎಷ್ಟು ಹೊತ್ತು ನೀರಿನಲ್ಲಿದ್ದೆನೋ... "ಏನಲೇ, ಎಮ್ಮಿ ಮೈ ತೊಳ್ಯಾಕ ಬಂದೀಯೇನು?" ಎಂದು ಅವರು ಮೇಲಿನಿಂದ ಕೂಗಿದರು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ನಕ್ಕರು. ಗಾಡಿ ಮೇಲೆ ಬಂದಾಗ ಕಟ್ಟನ್ನು ಮುಟ್ಟಿ ನೋಡಿದೆ. ಮೆತ್ತಗಾಗಿತ್ತು. ಕಾಯಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಮಿಸ್ತ್ರಿಯ ಮಾತು ಕೇಳಿ ಸಾಹೇಬರನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಹೇಗೆ? ಇಂಜಿನ್ ಹೊತ್ತಿಕೊಂಡ ಕೂಡಲೇ ಹತ್ತಿಸಿಕೊಂಡು ಹೊರಟೆ.

ಎರಡು ಮೈಲಿ ಹೋಗಿರಲಿಕ್ಕಿಲ್ಲ, ಒಂದು ತಗ್ಗಿನಲ್ಲಿ ಗಾಡಿ ಎತ್ತಿಹಾಕಿತು. ಕಾಲಿಡುವ ಕಬ್ಬಿಣ ಕಳಚಿ ಸಾಹೇಬರ ಕಾಲು ಚಕ್ರಕ್ಕೆ ಸಿಕ್ಕಿತು. ಹಿಮ್ಮಡದ ಎಲುಬು ಮುರಿದಿತ್ತು. ಹುಲ್ಲಿನ ಬಂಡಿಯಲ್ಲಿ ಮಲಗಿಸಿ ಲಿಂಗಸುಗೂರಿನ ದವಾಖಾನೆಗೆ ಒಯ್ದೆವು.

ಎಂಟು ದಿನದ ಮೇಲೆ ಸಾಹೇಬರು ಮಿಸ್ತ್ರಿಯನ್ನು ಅಲ್ಲಿಗೇ ಕರೆಸಿದರು. ಅವರು ಬಾಗಿಲ ಹೊರಗೇ ನಿಂತರು. ನಾನು ಮಂಚದ ಪಕ್ಕದಲ್ಲಿದ್ದೆ.

"ಕಬ್ಬಿಣ ಹಾಕೋ ಜಾಗಾದಾಗ ಚಮಡಾ ಕಟ್ಟೀಯಲ್ಲೋ, ನನ್ನ ಜೀವ ಏನು ನಿನ್ನ ಬಾನಿ ಅಂತ ತಿಳದೀಯಾ?"

"ತಪ್ಪಾತು ಹುಜೂರ್. ಆದ್ರ ನೀರು ಹತ್ತಿದ್ರ ಒಣಗಸ್ರಿ ಅಂತ ಇವರಿಗೆ ಹೇಳಿದ್ನಿರಿ."

ಸಾಹೇಬರು ನನ್ನ ಕಡೆ ತಿರುಗಿದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳಿರಬಹುದು. ಆಗ ನಾನು ಯೋಚಿಸಲೇ ಇಲ್ಲ.

"ನನಗೇನೂ ಹೇಳಿಲ್ರಿ," ಎಂದೆ.

ಮಿಸ್ತ್ರಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಹೊರುವುದು ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ತಲೆ ತಗ್ಗಿಸಿ, "ಹಂಗಾದ್ರ ನಾನ ಮರ್ತಿರಬೇಕು ಬಿಡ್ರಿ," ಎಂದರು. ನನ್ನನ್ನು ಉಳಿಸಲು ಹಾಗೆಂದರೋ, ತಮ್ಮ ಮಾತು ಅಲ್ಲಿ ನಡೆಯುವುದಿಲ್ಲವೆಂದು ಗೊತ್ತಾಗಿ ಹಾಗೆಂದರೋ, ಇವತ್ತಿಗೂ ತಿಳಿದಿಲ್ಲ.

ತಿಂಗಳೊಳಗೆ ಸಾಹೇಬರು ಬೇವಿನ ಕೆಳಗಿನ ತಟ್ಟಿಯನ್ನು ಕೀಳಿಸಿದರು. ಸಾಹೇಬರ ಕಾಲು ಮುರಿದವನು ಎಂಬ ಹೆಸರು ಬಂದ ಮೇಲೆ ಸೈಕಲ್ ತರುವವರೂ ಬರಲಿಲ್ಲವಂತೆ. ಎರಡು ವರ್ಷ ಕಳೆದ ಮೇಲೆ ಸಿಂಧನೂರಿನ ಹತ್ತಿರ ಕಾಲುವೆ ತೋಡುವ ಕೆಲಸದಲ್ಲಿ ಅವರನ್ನು ಕಂಡೆ. ತಲೆಯ ಮೇಲೆ ಮಣ್ಣಿನ ಪುಟ್ಟಿ ಇತ್ತು. ಅವರೇ ಗುರುತು ಹಿಡಿದರು.

"ಫಟಫಟಿ ಹೆಂಗೈತ್ರಿ?"

ಕೇಳಿಸದವನಂತೆ ಗಾಡಿ ಸ್ಟಾರ್ಟ್ ಮಾಡಿ ಹೊರಟುಬಂದೆ. ಅಷ್ಟೇ... ಆಮೇಲೆ ಅವರನ್ನು ಕಾಣಲಿಲ್ಲ. ನನ್ನ ನೌಕರಿ ಕಾಯಂ ಆಯಿತು. ಅದೇ ಇಲಾಖೆಯಲ್ಲಿ ಮೂವತ್ತು ವರ್ಷ ಮರ್ಯಾದಸ್ಥನಾಗಿ ದುಡಿದೆ.

ಎರಡು ವರ್ಷದ ಹಿಂದೆ ಮೊಮ್ಮಗನ ಕಾರಿನಲ್ಲಿ ಮಸ್ಕಿಗೆ ಹೋಗಿದ್ದೆ. ಅವರು ಬದುಕಿರುವ ಮಾತು ಇರಲಿಲ್ಲ. ಮಕ್ಕಳಾದರೂ ಸಿಕ್ಕರೆ ಅವರೆದುರು ಒಂದು ಮಾತು ಆಡಿ ಬರೋಣವೆಂದಿತ್ತು. ರಸ್ತೆಯುದ್ದಕ್ಕೂ ಗ್ಯಾರೇಜುಗಳು. ಒಂದರಲ್ಲಿ ಚಹಾ ಕುಡಿಯುತ್ತಿದ್ದ ನಡುವಯಸ್ಸಿನವನನ್ನು ಕೇಳಿದೆ.

"ಯಾವ ಮಿಸ್ತ್ರಿರೀ ಯಜ್ಜಾರ? ಇಲ್ಲೆ ಎಲ್ಲಾರೂ ಮಿಸ್ತ್ರಿಗೋಳ. ಹೆಸರು ಹೇಳ್ರಿ."

 ಅಷ್ಟು ಸಲ ಅವರ ಎದುರು ಕುಳಿತು ಗಾಡಿ ಕಟ್ಟಿಸಿಕೊಂಡಿದ್ದೆ. ಒಂದು ಸಲವೂ ಹೆಸರು ಕೇಳಿರಲಿಲ್ಲ.

"ಹೆಸರು ಗೊತ್ತಿಲ್ಲಪಾ," ಎಂದೆ. "ಒಣಗಸ್ರಿ ಅಂತ ನನಗ ಹೇಳಿದ್ದ ಮಿಸ್ತ್ರಿ."